ಶುಕ್ರವಾರದ ಸೃಷ್ಟಿಕಥೆ

ನನ್ನ ಅತ್ತೆ ಏನೋ ಮಸಲತ್ತು ನಡೆಸಿದ್ದಾರೆ ಎಂಬ ಗುಮಾನಿ ನನಗೆ ಬಂದದ್ದು ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಅಲ್ಲಿಯವರೆಗೆ ಶುಕ್ರವಾರ ಸಂಜೆ ಟ್ರಾಮಿನಲ್ಲಿ ಬಂದು, ಮೊಮ್ಮಗಳಿಗೆ ಚಾಕೊಲೇಟ್ ಕೊಟ್ಟು, ಮಗನ ಜೊತೆ ರಷ್ಯನ್ನಿನಲ್ಲಿ ಹರಟಿ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ಮೇಣದಬತ್ತಿ, ಜಡೆಯ ಹಾಗೆ ಹೆಣೆದ ಬ್ರೆಡ್ಡು, ಯಹೂದಿಗಳ ಧರ್ಮಗ್ರಂಥವಾದ ತೋರಾದ ಒಂದು ಜರ್ಮನ್ ಪುಸ್ತಕ ಹಿಡಿದು ಬರತೊಡಗಿದರು. ಶುಕ್ರವಾರ ಸಂಜೆಗೆ ಅವರ ವಾರದ ವಿಶ್ರಾಂತಿದಿನ ಶುರುವಂತೆ, ಬತ್ತಿ ಹಚ್ಚಿದ ಮೇಲೆ ಎಲ್ಲರೂ ಮೇಜಿಗೆ ಕೂತು ಸೃಷ್ಟಿಯ ಕಥೆ ಓದಬೇಕು. ನಮ್ಮದೂ ಯಹೂದಿ ಕುಟುಂಬವೇ, ಒಟ್ಟಿಗೆ ಓದೋಣ ಎಂದರು. ಇಷ್ಟು ವರ್ಷ ಈ ಕುಟುಂಬ ಎಲ್ಲಿಗೆ ಹೋಗಿತ್ತು ಅಂತ ನನ್ನ ಕಿವಿ ಮೊದಲ ದಿನವೇ ನೆಟ್ಟಗಾಯಿತು.

ನಾನು ಮೈಸೂರಿನವಳು. ಜರ್ಮನಿಯ ಮ್ಯಾನ್‌ಹೈಮಿಗೆ ಓದಲು ಬಂದು, ಉಕ್ರೇನಿನ ಒಡೆಸ್ಸಾದಿಂದ ತಾಯಿಯ ಜೊತೆ ವಲಸೆ ಬಂದಿದ್ದ ಯಹೂದಿ ಸಹಪಾಠಿಯನ್ನು ಕಟ್ಟಿಕೊಂಡೆ. ನಮ್ಮ ಮದುವೆಗೆ ಯಾರ ದೇವರನ್ನೂ ಕರೆದಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ರುಜು ಹಾಕಿ, ಎದುರಿನ ಅಂಗಡಿಯಲ್ಲಿ ಪಿಜ್ಜಾ ತಿಂದು ಮನೆಗೆ ಬಂದೆವು. ಆಮೇಲೆ ಹತ್ತಿರದ ವಾಲ್‌ಡಾರ್ಫಿನಲ್ಲಿ ಕೆಲಸ ಸಿಕ್ಕಿತು, ಸಾಫ್ಟ್‌ವೇರ್ ಟೆಸ್ಟಿಂಗ್. ಸಂಶಯ ಪಡುವುದಕ್ಕೇ ಸಂಬಳ ಎಣಿಸಿಕೊಳ್ಳುವ ಕೆಲಸ ಅದು. ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡುತ್ತಿರಲಿಲ್ಲ.

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆಂದು ಕೊಡತೊಡಗಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದ ನಮ್ಮ ಹುಡುಗರು ಆಗ ಆಫೀಸಿನ ತುಂಬ ಇದ್ದರು. ಅವರಲ್ಲಿ ಹುಬ್ಬಳ್ಳಿಯವನೊಬ್ಬ ದಿನಾ ನನ್ನ ಕಾರಿನಲ್ಲೇ ಬರುತ್ತಿದ್ದ. ತಡೆಯಲಾರದೆ ಅವನ ಹತ್ತಿರ ಶುಕ್ರವಾರದ ವಿಷಯ ಹೇಳಿಕೊಂಡೆ.

"ಅಕ್ಕಾರ, ಹುಡುಗೀನ್ನ ಮೆಲ್ಲಕ ತಮ್ಮ ಕಡೆ ಎಳಕೊಳ್ಳಾಕ ಹತ್ಯಾರ, ನೋಡ್ರಿ," ಎಂದ.

ಅವನಿಗೇನು, ಹೇಳಿ ಕಾಫಿ ಮೆಷೀನಿನ ಕಡೆ ಹೋದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗಂಡನನ್ನು ಕೇಳಿದರೆ, ಅಮ್ಮನಿಗೆ ವಯಸ್ಸಾಯಿತು, ಬಿಡು ಎಂದು ಟೀವಿಯ ಕಡೆ ತಿರುಗಿದರು.

ಅಂದಿನಿಂದ ಶುಕ್ರವಾರ ಸಂಜೆ ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದೆ. ಮಗಳು ಮಹಾ ಚೂಟಿ. ಸೂರ್ಯನನ್ನು ನಾಲ್ಕನೇ ದಿನ ಮಾಡಿದ್ದಾದರೆ ಮೊದಲನೇ ದಿನದ ಬೆಳಕು ಎಲ್ಲಿಂದ ಬಂತು ಎಂದು ಕೇಳಿದಳು. ಗಂಡು ಹೆಣ್ಣು ಇಬ್ಬರನ್ನೂ ಒಂದೇ ದಿನ ಮಾಡಿಯಾಗಿದೆ, ಪುಟ ತಿರುಗಿಸಿದರೆ ಮತ್ತೆ ಪಕ್ಕೆಲುಬಿನಿಂದ ಹೆಣ್ಣು ಯಾಕೆ, ಮೊದಲಿನವಳು ಏನಾದಳು ಎಂದೂ ಕೇಳಿದಳು. ಒಳ್ಳೆಯ ಬಗ್ ಹಿಡಿದಳಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅತ್ತೆ ಮಾತ್ರ ಮುಖ ಕೆಂಪಗೆ ಮಾಡಿಕೊಂಡು, ಮುಂದಿನ ವಾರ ಹೇಳುತ್ತೇನೆ ಎಂದು ಪುಸ್ತಕ ಮುಚ್ಚುತ್ತಿದ್ದರು. ಪ್ರತಿ ಸಲವೂ ಅದೇ ಪಾಡು. ನಮ್ಮಜ್ಜಿ ನಿದ್ದೆಗಣ್ಣಿನಲ್ಲೂ ಭಾಗವತ ಹೇಳುತ್ತಿದ್ದರು. ಈ ವಯಸ್ಸಿನ ಹೆಂಗಸಿಗೆ ತನ್ನ ಗ್ರಂಥ ಗೊತ್ತಿಲ್ಲವೆಂದರೆ ನಂಬುವುದು ಹೇಗೆ? ನಾನು ಹೊರಗಿನವಳು, ನನ್ನೆದುರು ಬಾಯಿ ಬಿಡುವುದಿಲ್ಲ ಎಂದೇ ತೀರ್ಮಾನಿಸಿದೆ.

ನಾನೇನು ಕಡಿಮೆಯೇ. ಶನಿವಾರ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ವಿಷ್ಣುವಿನ ಹೊಕ್ಕುಳಿನಿಂದ ಕಮಲ, ಕಮಲದಲ್ಲಿ ಬ್ರಹ್ಮ ಎಂದು ಶುರುಮಾಡಿದೆ. ಅಷ್ಟೊಂದು ನೀರು ಯಾರು ತುಂಬಿಸಿದ್ದು ಎಂದು ಕೇಳಿದಳು. ಸುಮ್ಮನೆ ಮಲಕ್ಕೋ ಎಂದು ಗದರಿದೆ.

ಹೀಗಿರುವಾಗ ಒಂದು ಶುಕ್ರವಾರ, ಗಂಡ ದೂರದ ಎಷ್‌ಬಾರ್ನಿನ ಆಫೀಸಿನಿಂದ ಇನ್ನೂ ಬಂದಿರಲಿಲ್ಲ, ಮಗಳು ಬಾಯಿಜಾರಿ ಒಂದು ವಿಷಯ ಹೇಳಿದಳು. ಸ್ಕೂಲು ಬಿಟ್ಟ ಮೇಲೆ ಅಜ್ಜಿ ಅವಳನ್ನು ಬಾಗಿಲಿನ ಮೇಲೆ ನಕ್ಷತ್ರವಿರುವ ದೊಡ್ಡ ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದರಂತೆ. ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಅದೂ ನನ್ನನ್ನು ಒಂದು ಮಾತು ಕೇಳದೆ. ಅವಳನ್ನು ರೂಮಿಗೆ ಕಳಿಸಿ, ಬಾಗಿಲು ಹಾಕಿಕೊಂಡು, ಅಡುಗೆಮನೆಯಲ್ಲಿದ್ದ ಅತ್ತೆಯ ಮೇಲೆ ಎಗರಿಬಿದ್ದೆ. ನನ್ನ ಮಗಳನ್ನು ನನ್ನಿಂದ ಬಿಡಿಸಿಕೊಳ್ಳುವುದಕ್ಕೇ ತಾನೆ ಈ ನಾಟಕವೆಲ್ಲ ಎಂದು ನೇರವಾಗಿ ಕೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕೂತರು.

"ನನಗೆ ಏನೂ ಬರಲ್ಲ," ಎಂದರು. "ನಮ್ಮ ಸೋವಿಯತ್ ಕಾಲದಲ್ಲಿ ಪಾಸ್‌ಪೋರ್ಟಿನಲ್ಲಿ ಯಹೂದಿ ಅಂತ ಬರೀತಿದ್ದರು. ಅದನ್ನ ನೋಡಿ ಕಾಲೇಜಿನಲ್ಲಿ ಸೀಟು ಕೊಡಲಿಲ್ಲ. ಯಹೂದಿ ಅನ್ನೋದರಿಂದ ನನಗೆ ಸಿಕ್ಕಿದ್ದು ಅಷ್ಟೇ. ಹಾಗಂದರೆ ಏನು ಅಂತ ಯಾರೂ ಹೇಳಿಕೊಡಲಿಲ್ಲ. ಈಗ ಮೊದಲನೇ ಸಲ ಓದ್ತಾ ಇದೀನಿ, ಇವಳ ಜೊತೆ."

ಮಗಳ ಪ್ರಶ್ನೆಗಳನ್ನು ವಾರವಿಡೀ ಹೊತ್ತುಕೊಂಡು ಆ ಕಟ್ಟಡದಲ್ಲಿ ಅವರಿವರನ್ನು ಕೇಳುತ್ತಿದ್ದರಂತೆ. ಯೋಗಿಗಳ, ಗುರುಗಳ ದೇಶ ಇಂಡಿಯಾದಿಂದ ಬಂದ ಸೊಸೆ, ಇವಳಿಗೆ ಎಲ್ಲ ಗೊತ್ತಿರುತ್ತದೆ, ತನ್ನನ್ನು ನೋಡಿ ಒಳಗೇ ನಗುತ್ತಾಳೆ ಎಂದು ನನ್ನ ಮೇಲೆ ಅವರಿಗೆ ಗುಮಾನಿ. ನನಗೆ ನಗುವೇ ಬರುತ್ತಿತ್ತು, ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಮೊಮ್ಮಗಳನ್ನು ಅಲ್ಲಿನ ಭಾನುವಾರದ ಧರ್ಮಪಾಠದ ಕ್ಲಾಸಿಗೆ ಸೇರಿಸಲು ಹೋಗಿದ್ದರಂತೆ.

"ಯಹೂದಿ ಅನ್ನೋದು ತಾಯಿಯಿಂದ ಬರೋದು, ತಾಯಿ ಯಹೂದಿ ಅಲ್ಲವಲ್ಲ, ಹಾಗಾಗಿ ಮಗುವೂ ನಮ್ಮದಲ್ಲ ಅಂದರು," ಎಂದರು. "ಮರ್ಯಾದೆಯಿಂದಲೇ ಹೇಳಿದರು."

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳನ್ನು ಕಿತ್ತುಕೊಳ್ಳುತ್ತಾರೆ ಎಂದು ಅಷ್ಟು ತಿಂಗಳು ಕಾವಲು ಕೂತವಳಿಗೆ ಈಗ ಸಮಾಧಾನವಾಗಬೇಕಿತ್ತಲ್ಲವೇ? ಎಲ್ಲಿಯ ಸಮಾಧಾನ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಅವಳಿಗೆ ಅಡ್ಡಿಯಾಯಿತೇ?

"ನನ್ನ ಮಗೂನ ಬೇಡ ಅನ್ನೋಕೆ ಅವರ್ಯಾರು?" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ಅತ್ತೆಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿದದ್ದು ರೂಮಿನಲ್ಲಿದ್ದ ಮಗಳಿಗೆ. ಬಾಗಿಲು ತೆಗೆದು ಬಂದು ನಿಂತಳು. ನನ್ನ ಕನ್ನಡಕ್ಕೆ ಎಂದಿನಂತೆ ಜರ್ಮನ್ನಿನಲ್ಲಿ ಕೇಳಿದಳು, ಅಮ್ಮಾ, ನಾನು ಯಾರಿಗೆ ಬೇಡ?

ಅತ್ತೆ, ನಾನು ಇಬ್ಬರೂ ಒಟ್ಟಿಗೇ ಅವಳ ಕಡೆ ಕೈ ಚಾಚಿದೆವು. ಉತ್ತರ ಬೇಕು ಎಂದು ನಿಂತವಳು ಯಾರ ಹತ್ತಿರವೂ ಬರಲಿಲ್ಲ.