ಡಾಕ್ಟರ್ ಕೆಂಚಮ್ಮನವರ ನವಣೆ

ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಜೇಬಿನಲ್ಲಿ ಚಿಮಟ, ಹಲ್ಲಿನಲ್ಲಿ ಕಚ್ಚಿ ಹಿಡಿದ ಪುಟ್ಟ ಪುಟ್ಟ ಕಾಗದದ ಚೀಲ. ನವಣೆ ತೆನೆಬಿಡುವ ಕಾಲಕ್ಕೆ ಡಾಕ್ಟರ್ ಕೆಂಚಮ್ಮ ತಮ್ಮ ಕಾನಹೊಸಹಳ್ಳಿ ಹೊಲದಲ್ಲಿ ಹೀಗೇ ಕಾಣುತ್ತಿದ್ದರು. ಬೇರೆ ಗಿಡದ ಪರಾಗ ಬೀಳಬಾರದೆಂದು ಆರಿಸಿದ ತೆನೆಗಳಿಗೆಲ್ಲ ಆ ಚೀಲ ತೊಡಿಸುವರು. ದಾರಿಯಲ್ಲಿ ಹೋಗುವ ಹೆಂಗಸರು, "ತೆನಿಗೂ ಕುಲಾವಿ ಹಾಕ್ತೀರೇನ್ರಿ?" ಎಂದು ನಕ್ಕರೆ, "ಹೂಂನವ್ವ, ಎಳೇ ಕೂಸು, ಥಂಡಿ ಆಗತೈತಿ" ಎನ್ನುವರು.

ಕುರಿ ಸಾಕುವ ಮನೆಯ ಮಗಳು. ನಮ್ಮ ಕೂಡ್ಲಿಗಿ ಕಡೆಯಿಂದ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಣ್ಣು. "ನಿನಗ್ಯಾಕಮ್ಮ ಹೊಲ, ಗೃಹವಿಜ್ಞಾನ ತಗೋ" ಎಂದ ಮೇಷ್ಟ್ರಿಗೆ, "ನಮ್ಮವ್ವ ನನ್ನ ಹೊಲದಾಗ ಹಡದಾಳ್ರಿ" ಎಂದಿದ್ದರಂತೆ. ಪಕ್ಕದ ಮನೆಯವಳಾದ ನಾನು ವಿಜ್ಞಾನದ ಟೀಚರಾದದ್ದೂ ಅವರ ಹಟದಿಂದಲೇ.

ಅವರು ನೌಕರಿಯಲ್ಲಿದ್ದಾಗ ರೂಪಿಸಿದ ಒಂದು ನವಣೆ ತಳಿ ಕೊಟ್ಟೂರಿನಿಂದ ಹಡಗಲಿಯವರೆಗೂ ಹಬ್ಬಿದೆ. ಒಮ್ಮೆ ನಾವಿಬ್ಬರೂ ಹೋಗಿದ್ದಾಗ ಕೊಟ್ಟೂರಿನ ಬೀಜದಂಗಡಿಯವನು ಅದನ್ನೇ ಅವರ ಅಂಗೈಗೆ ಸುರಿದು, "ತಗೊಳ್ರವ್ವ, ದೊಡ್ಡ ಸಾಹೇಬ್ರು ಕಂಡುಹಿಡಿದ ಬೀಜ" ಎಂದ.

"ಹೆಂಗದಾರ ಸಾಹೇಬ್ರು?"

"ಭಾಳ ಶ್ಯಾಣ್ಯಾರಂತ್ರಿ."

ಕೆಂಚಮ್ಮ ಒಂದು ಸೇರು ಕೊಂಡರು. ಬಸ್ಸಿನಲ್ಲಿ ಊರು ತಲುಪುವತನಕ ನಗುತ್ತಲೇ ಇದ್ದರು. ನನಗೆ ಮಾತ್ರ ಮೈಯೆಲ್ಲ ಉರಿದಿತ್ತು.

ನಿವೃತ್ತಿಯ ನಂತರದ ವರ್ಷಗಳನ್ನೆಲ್ಲ ಒಂದು ಹೊಸ ನವಣೆಗೆ ಸುರಿದರು. ಎರಡೇ ಮಳೆಗೆ ಕಾಳುಕಟ್ಟಬೇಕು, ಗಾಳಿಗೆ ಮಲಗಬಾರದು. ಕೈಗೆ ಬಂದೇಬಿಟ್ಟಿತ್ತು. ಸ್ವಲ್ಪ ಬೀಜವನ್ನಾದರೂ ವಿಶ್ವವಿದ್ಯಾಲಯಕ್ಕೆ ಕೊಟ್ಟಿಡಿ ಎಂದು ನಾನು ಬೇಡಿಕೊಂಡೆ. "ಕೂಸು ಇನ್ನೂ ನೆಟ್ಟಗ ನಿಂತಿಲ್ಲ, ಆಗಲೇ ಸಾಲಿಗೆ ಕಳಸ್ಲೇನು? ಇನ್ನೊಂದು ಸರಿ ಬಿತ್ತಿ ನೋಡೋಣು" ಎಂದರು. ಆ ಹಟಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೀಜವನ್ನು ಬಿಳಿ ಬಟ್ಟೆಯ ಚೀಲಗಳಲ್ಲಿ ಕಟ್ಟಿ ಒಳಮನೆಯ ತೊಲೆಗೆ ತೂಗುಹಾಕಿದ್ದರು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಜೊತೆಗಿದ್ದ ಅಕ್ಕ ಹನುಮಕ್ಕ ಕೂಡ ಕೆಳಗಿನ ನೆಲವನ್ನಷ್ಟೇ ಗುಡಿಸುವಳು.

ಹೋದ ವರ್ಷ ಮುಂಗಾರಿಗೆ ಮುಂಚೆ ಕೆಂಚಮ್ಮನವರಿಗೆ ಲಕ್ವ ಹೊಡೆಯಿತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದವರು ಒಂದು ದಿನ ಕಣ್ಣುಬಿಟ್ಟರು, ನಿಧಾನಕ್ಕೆ ಮಾತೂ ಬಂತು. ಮಳೆ ಬಿದ್ದದ್ದು ಕೇಳಿ ನನಗೆ ಫೋನಿನಲ್ಲಿ ತೊದಲುತ್ತ, "ಹದ ಹೋಗೂದ್ರಾಗ ಬಿತ್ತಿಸಿಬಿಡು" ಎಂದರು.

ನಾನು ಬೀಜಕ್ಕೆಂದು ಅವರ ಮನೆಗೆ ಹೋದೆ. ಬಿಳಿ ಚೀಲಗಳು ಅಂಗಳದ ತಂತಿಯ ಮೇಲೆ ಒಣಗುತ್ತಿದ್ದವು. ತಂಗಿ ಕಣ್ಣುಬಿಟ್ಟರೆ ಮೀಸಲು ಕಾಳಿನ ತಂಬಿಟ್ಟು ಮಾಡಿ ಒಪ್ಪಿಸುತ್ತೇನೆಂದು ಹನುಮಕ್ಕ ಊರಮ್ಮನಿಗೆ ಹರಕೆ ಹೊತ್ತಿದ್ದಳಂತೆ. ಹಿಂದಿನ ದಿನವೇ ಹರಕೆ ತೀರಿಸಿ, ಕೇರಿಗೆಲ್ಲ ಹಂಚಿ ಬಂದಿದ್ದಳು.

"ಮೀಸಲಂದ್ರ ಯಾರೂ ಉಣ್ಣಲಾರದ್ದು, ಮುಟ್ಟಲಾರದ್ದು ಇರಬೇಕಲ್ಲವ್ವ. ಎಲ್ಲಿ ತರ್ಲಿ ಅಂತಿದ್ದೆ. ಪುಣ್ಯಾತಗಿತ್ತಿ, ತಾನ ಕಟ್ಟಿಟ್ಟಿದ್ಲು ನೋಡು" ಎಂದಳು. ಅವಳ ಮುಖದ ಸಂತೋಷ ನೋಡಿ, ಬೀಜಕ್ಕೆ ಬಂದಿದ್ದೆ ಎನ್ನದೆ ಮನೆಗೆ ಮರಳಿದೆ.

ಮರುದಿನ ಆಸ್ಪತ್ರೆಗೆ ಹೋದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ, ಆ ವಾರವೇ ಮತ್ತೊಮ್ಮೆ ಲಕ್ವ ಹೊಡೆದು ತೀರಿಕೊಂಡರು. ಅಂದು ನನ್ನನ್ನು ಕಂಡೊಡನೆ, ಬಿತ್ತಿದೆಯಾ ಎಂದು ಕೇಳಿದರು. ಸುಳ್ಳು ಹೇಳಬೇಕೆಂದೇ ಹೋಗಿದ್ದೆ, ಆ ಕಣ್ಣಿನ ಮುಂದೆ ಆಗಲಿಲ್ಲ. ನಡೆದದ್ದೆಲ್ಲ ಹೇಳಿದೆ.

"ಎಲ್ಲಾನೂ?"

"ಎಲ್ಲಾನೂರಿ ಮೇಡಂ."

"ಚೀಲದ ಮೂಲ್ಯಾಗ ನೋಡಿದೇನು? ಹೊಲಿಗ್ಯಾಗ ಒಂದೆರಡು ಸಿಕ್ಕಿರತಾವ."

"ತೊಳದು ಒಣಾಕ್ಯಾರ್ರಿ."

ಗೋಡೆಯ ಕಡೆ ಮುಖ ಮಾಡಿದರು. "ಅಕ್ಕಗ ಹೇಳಬ್ಯಾಡ. ಎದಿ ಒಡಕೊಂತಾಳ" ಎಂದರು.

ಅಷ್ಟರಲ್ಲಿ ಹನುಮಕ್ಕ ಸ್ಟೀಲ್ ಡಬ್ಬಿ ಹಿಡಿದು ಬಂದಳು. ತಂಬಿಟ್ಟು ಮುರಿದು, ಸೋತಿದ್ದ ಆ ಬಾಯಿಗೆ ಚೂರು ಚೂರೇ ಇಟ್ಟಳು. ಕೆಂಚಮ್ಮ ಅಗಿದರು, ನುಂಗಿದರು. ಅಂಚಿನಿಂದ ಸುರಿದದ್ದನ್ನು ಹನುಮಕ್ಕ ಸೆರಗಿನಿಂದ ಒರೆಸಿದಳು.

"ಅಮ್ಮ ಉಳಿಸಿಕೊಟ್ಲು ನಿನ್ನ. ಬರೂ ವರ್ಷಕ್ಕೂ ನೀನ ಮೀಸಲು ಕಟ್ಟಿಡಬೇಕು ತಂಗಿ."

"ಆತಕ್ಕ" ಎಂದರು ಕೆಂಚಮ್ಮ, "ಇಡ್ತೀನಿ."