ಸೆರಗಿನ ಕೆಳಗಿನ ಬೆಲೆ

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯಲ್ಲಿ ಕೌದಿ ಹೊಲಿಯುತ್ತಿದ್ದೆ. ಅಂಗಡಿ ಅಂತ ಏನೂ ಇರಲಿಲ್ಲ. ಮನೆಯ ಮುಂದಿನ ಕಟ್ಟೆ, ಅದರ ಮೇಲೆ ಬೇವಿನ ನೆರಳು, ಒಂದು ಸೂಜಿ, ನಾನು. ಹೆಂಗಸರು ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಗಂಟು ಕಟ್ಟಿ ತರುವರು. ನಾನು ಅವನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುವೆ. ಆ ಮಧ್ಯಾಹ್ನಗಳು ಈಗಲೂ ಅರೆನಿದ್ದೆಯಲ್ಲಿ ಕಂಡಂತೆಯೇ ನೆನಪಾಗುತ್ತವೆ. ಬೀದಿ ಸುಮ್ಮನಿರುತ್ತಿತ್ತು. ಬೇವಿನ ಹೂ ಬಟ್ಟೆಯ ಮೇಲೆ ಉದುರುತ್ತಿತ್ತು. ಕೊಡವಲು ಬೇಸರವಾಗಿ ಕೆಲವನ್ನು ಹಾಗೆಯೇ ಒಳಗೆ ಸೇರಿಸಿ ಹೊಲಿದುಬಿಟ್ಟದ್ದೂ ಉಂಟು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ನಾನು ಬೇರೆಲ್ಲೋ ಇರುತ್ತಿದ್ದೆ. ಯಾರದೋ ಮದುವೆಯ ಸೀರೆ, ಯಾರದೋ ತೊಟ್ಟಿಲ ಬಟ್ಟೆ. ಕಂಡರಿಯದ ಮನೆಗಳಲ್ಲೆಲ್ಲ ಅಡ್ಡಾಡಿ ಬಂದ ಹಾಗಾಗುತ್ತಿತ್ತು.

ನನ್ನ ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಅದನ್ನೇ ನಾನು ಕಟ್ಟೆಗೆ ತಂದೆ. ಆದರೆ ನನ್ನಲ್ಲಿ ಚೌಕಾಸಿ ಇಲ್ಲ. ನನ್ನ ಸೆರಗಿನ ಕೆಳಗೆ ಕೈ ತೂರಿಸಿ, ತಮ್ಮಿಂದ ಎಷ್ಟಾಗುತ್ತದೋ ಅಷ್ಟು ನನ್ನ ಬೆರಳು ಹಿಡಿಯಬೇಕು. ಬೆರಳಿಗೊಂದು ರೂಪಾಯಿ. ಇಡೀ ಕೈ ಹಿಡಿದರೆ ಐದು, ಮೂರು ಸಲ ಹಿಡಿದರೆ ಹದಿನೈದು. ನಾನು ‘ಹೂಂ’ ಅನ್ನಬೇಕು, ಅಷ್ಟೇ. ರೊಕ್ಕವೂ ಸೆರಗಿನ ಕೆಳಗೇ ಕೈ ಬದಲಾಗುತ್ತಿತ್ತು. ಕೂಲಿಗೆ ಹೋಗುವವರು ಎರಡು ಬೆರಳು ಹಿಡಿಯುವರು, ಇದ್ದವರು ಇಡೀ ಕೈ ಹಿಡಿಯುವರು.

“ಹಿಂಗ ಮಾಡಿದ್ರ ಮನಿ ನಡೀತೈತೇನ, ಹುಚ್ಚಿ?” ಎಂದು ಅತ್ತೆ ಅನ್ನುತ್ತಿದ್ದಳು. ನಡೆಯಿತು. ಅದರ ಸೊಕ್ಕೂ ನನಗೆ ಬಂತು. ಧರ್ಮರಾಯನ ಒಡಹುಟ್ಟಿದ ತಂಗಿ ನಾನೇ ಅಂದುಕೊಂಡಿದ್ದೆ.

ಒಂದು ಸಂತೆಯ ದಿನ ಮೋರಟಗಿಯ ಗೌಡರ ಮನೆಯಾಕೆ ಬಂದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಜೊತೆಗೆ ಮನೆಗೆಲಸದ ಮುದುಕಿ ಇದ್ದಳು. ಗಂಟಿನಲ್ಲಿ ಮೆತ್ತಗಾದ ಇಳಕಲ್ಲ ಸೀರೆಗಳು.

“ನಮ್ಮವ್ವನ ಸೀರಿರಿ ಇವು. ಆಕಿ ಹೋಗಿ ಎರಡು ತಿಂಗಳಾತು” ಎಂದಳು.

ಇಪ್ಪತ್ತು ದಿನ ಹೊಲಿದೆ. ಆ ಸೀರೆಗಳಲ್ಲಿ ಹೊಗೆ, ಅರಿಷಿಣ, ಯಾವುದೋ ಎಣ್ಣೆಯ ವಾಸನೆ ಇನ್ನೂ ಇತ್ತು. ಹೊಲಿಯುತ್ತ ಹೊಲಿಯುತ್ತ ಅದರ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೇನೆ. ಕಂಡರಿಯದ ಆ ಅವ್ವ ಕನಸಿನಲ್ಲಿ ಬಂದು ನನ್ನ ತಲೆ ಬಾಚುತ್ತಿದ್ದಳು. ಕೆಂಪು ಸೆರಗುಗಳನ್ನೆಲ್ಲ ನಡುವಿಗೆ ಕೂಡಿಸಿದೆ. ಅಂಥ ಕೌದಿಯನ್ನು ನಾನು ಮೊದಲೂ ಹೊಲಿದಿರಲಿಲ್ಲ, ಆಮೇಲೂ ಹೊಲಿಯಲಿಲ್ಲ.

ಒಯ್ಯಲು ಬಂದ ದಿನ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು. ಆಕೆ ಕೌದಿಗೆ ಕೆನ್ನೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ನನ್ನ ಸೆರಗಿನ ಕೆಳಗೆ ಕೈ ತಂದಳು. ಕೈತುಂಬ ಬಂಗಾರದ ಬಳೆ. ನನ್ನ ಕಿರುಬೆರಳನ್ನು ಹಿಡಿದಳು. ನಾನು ಕಾದೆ. ಎರಡನೆಯ ಬೆರಳಿಗೆ ಕೈ ಬರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳ ಅಂಗೈಯನ್ನು ಗಪ್ಪನೆ ಹಿಡಿದು ಮೂರು ಸಲ ಒತ್ತಿದೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು, ನಾಲಗೆಯನ್ನೂ ಹರಿಬಿಟ್ಟೆ.

“ಮೈಮ್ಯಾಲ ಇಷ್ಟು ಬಂಗಾರ ಹೇರ್ಕೊಂಡು ಒಂದ ರೂಪಾಯಿ ಹೇಳಾಕ ಮನಸ್ಸರ ಹೆಂಗ ಬಂತ್ರಿ?”

ಕಟ್ಟೆಯ ಮೇಲಿನವರೆಲ್ಲ ತಿರುಗಿ ನೋಡಿದರು. ಆಕೆ ಕೈ ಎಳೆದುಕೊಂಡಳು. ಕೌದಿಯನ್ನು ನೀಟಾಗಿ ಮಡಚಿ ಕಟ್ಟೆಯ ಮೇಲಿಟ್ಟು ಹೋದಳು.

ಮರುದಿನ ಆ ಮುದುಕಿ ಮೊದಲ ಬಸ್ಸಿಗೇ ಬಂದಳು.

“ಏನ್ ಮಾತಾಡಿದಿ ಯವ್ವಾ. ಆ ಬಂಗಾರ ಅವರ ಅತ್ತೀದು. ಊರಾಗ ಮರ್ಯಾದಿಗಂತ ಹಾಕಿ ಕಳಸ್ತಾರ, ಮನಿಗೆ ಹೋದ ಕೂಡ್ಲೆ ಬಿಚ್ಚಿ ಕೊಡಬೇಕು. ಗೌಡಸಾನಿ ಕೈಯಾಗ ರೊಕ್ಕನ ಆಡಂಗಿಲ್ಲ. ಆ ಒಂದ ರೂಪಾಯಿ, ಅವರವ್ವ ಕಡೀ ಸಲ ಉಡಿ ತುಂಬಿದಾಗ ಉಡ್ಯಾಗ ಹಾಕಿದ್ದು.”

ಕೌದಿಯನ್ನು ಅವಳ ಕೈಗೆ ಕೊಡಹೋದೆ. “ಬ್ಯಾಡ ಅಂದಾರ. ನನ್ನ ರೊಕ್ಕಕ್ಕ ಅದು ಬರಂಗಿಲ್ಲ ಅಂದಾರ” ಎಂದಳು.

ನನಗೆ ನಾಚಿಕೆಯಿಂದ ಮೈ ಸುಟ್ಟಿತು. ಇದ್ದವರು, ಇಲ್ಲದವರು ಎಂದು ಮನೆಗಳನ್ನು ನೋಡಿ ಅಳೆದಿದ್ದೆ. ಇದ್ದ ಮನೆಯೊಳಗೇ ಇಲ್ಲದವಳು ಇರುತ್ತಾಳೆ ಎಂದು ಹೊಳೆದಿರಲಿಲ್ಲ. ಅವಳ ಪಾಲಿಗೆ ಉಳಿದಿದ್ದ ಅವ್ವ ನನ್ನ ಕಟ್ಟೆಯ ಮೇಲೆ ಬಿದ್ದಿದ್ದಳು.

ಅದೇ ದಿನ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಎರಡೂ ಬದಿಗೆ ಜೋಳದ ಹೊಲ ನಿಧಾನ ತೇಲಿ ಹೋಗುತ್ತಿತ್ತು. ತಪ್ಪಾಯಿತು ಅನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯೊಳಗೇ ಹೊರಳಿಸಿದೆ. ಆ ಊರು ಬರದೇ ಇರಲಿ ಅನ್ನಿಸಿತು, ಬಂತು.

ಪಡಸಾಲೆಯಲ್ಲಿ ಗೌಡರು ತೂಗುಮಂಚದ ಮೇಲಿದ್ದರು. ಆಕೆ ಒಳಬಾಗಿಲ ಹಿಂದೆ ನಿಂತಿದ್ದಳು, ಕೈಯಲ್ಲಿ ಬರೀ ಹಸಿರು ಗಾಜಿನ ಬಳೆ.

“ಏನವ್ವಾ, ಕೌದೀನ? ಯಾರು ಹೊಲಿಯಾಕ ಹಾಕಿದ್ರು? ಇರಲಿ, ಎಷ್ಟಾತು?” ಎಂದು ಗೌಡರು ಅಂಗಿಯ ಕಿಸೆಗೆ ಕೈ ಹಾಕಿದರು.

ಬಾಗಿಲ ಹಿಂದಿನ ಮುಖ ಬಿಳುಪೇರಿತು. ಗೌಡರ ರೊಕ್ಕ ತೆಗೆದುಕೊಂಡರೆ ಕೌದಿ ಅವರದಾಗುತ್ತದೆ. ಆಕೆಯೇ ಕೊಡುವವಳಿದ್ದಳು ಎಂದು ನಾನು ಹೇಳಿದರೆ, ಮುಚ್ಚಿಟ್ಟ ಆ ಒಂದು ರೂಪಾಯಿ ಹೊರಗೆ ಬೀಳುತ್ತದೆ. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತು ಯಾವುದೂ ಕೆಲಸಕ್ಕೆ ಬರಲಿಲ್ಲ.

“ರೊಕ್ಕಕ್ಕ ಹೊಲಿದದ್ದಲ್ರಿ. ಗೌಡಸಾನಿ ನನ್ನ ಗೆಳತಿ” ಎಂದೆ.

ಗೌಡರು ನಕ್ಕರು. “ಈಕಿಗೂ ಗೆಳತ್ಯಾರದಾರೇನು? ಮದುವ್ಯಾಗಿ ಹತ್ತು ವರ್ಷಾತು, ನಾ ಒಬ್ಬಾಕೀನೂ ಕಂಡಿಲ್ಲ.”

ನಾನು ಬಾಗಿಲ ಕಡೆ ನೋಡಿದೆ. ‘ಈಕೆ ಯಾರೋ ಗೊತ್ತಿಲ್ಲ’ ಎಂದು ಆಕೆ ಅಂದಿದ್ದರೂ ತಪ್ಪಿರಲಿಲ್ಲ.

ಆಕೆ ಹೊಸಿಲು ದಾಟಿ, ಗಂಡನ ಎದುರೇ ಹೊರಗೆ ಬಂದಳು.

“ಅದಾಳ್ರಿ ಒಬ್ಬಾಕಿ. ಸ್ವಲ್ಪ ಬಾಯಿ ಜೋರು, ಅಷ್ಟ” ಎಂದು ನನ್ನ ಕೈಯಿಂದ ಕೌದಿ ಇಸಿದುಕೊಂಡು, ಅದನ್ನು ಎದೆಗೊತ್ತಿಕೊಂಡಳು. ಆಮೇಲೆ ನನಗೆ, “ಒಳಗ ಬಾ. ಊಟದ ಹೊತ್ತಾಗೇತಿ” ಎಂದಳು.

ನಾನು ಚಪ್ಪಲಿ ಬಿಟ್ಟು ಅವಳ ಹಿಂದೆ ಹೋದೆ.