ಸ್ವಲ್ಪ ನೋಡ್ಕೋ

ತೊಂಬತ್ತರ ದಶಕದಲ್ಲಿ ನಾನು ಸಂಬಳಕ್ಕಾಗಿ ಹಾಕಿ ಪಂದ್ಯಗಳನ್ನು ಆಡುತ್ತಿದ್ದೆ. ಕ್ರೀಡಾ ಕೋಟಾದಲ್ಲಿ ಒಂದು ಕಚೇರಿಯ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಹೋಗಿ ಸಹಿ ಹಾಕುವುದು, ಊಟ ಮುಗಿಸಿ ಮೈದಾನಕ್ಕೆ ಹೊರಡುವುದು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ, "ಕೋಲು ಹಿಡ್ಕೊಂಡು ಓಡೋಕೂ ಸಂಬಳ ಕೊಡ್ತಾರಂತೆ" ಎಂದು ನಗುತ್ತಿದ್ದರು. ಆ ಕೋಲು ಇನ್ನೂ ಯಾವ್ಯಾವುದಕ್ಕೆ ಬಳಕೆಯಾಗುತ್ತದೆಂದು ಪಾಪ, ಅವರಿಗೆ ಗೊತ್ತಿರಲಿಲ್ಲ.

ನಮ್ಮ ತಂಡದ ಮ್ಯಾನೇಜರು ಕಚೇರಿಯಲ್ಲಿ ದೊಡ್ಡ ಅಧಿಕಾರಿ. ಮಲ್ಲೇಶ್ವರದ ಹಳೇ ಮನೆತನ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಲ್ಲಿ ಒಂದೇ ಒಂದು ಕೆಟ್ಟ ಮಾತಿಲ್ಲ. ಬಸವನಗುಡಿಯ ಶಾಲೆಗಳಲ್ಲಿ ಕ್ರೀಡಾ ದಿನಾಚರಣೆ ಎಂದರೆ ಇವರೇ ಮುಖ್ಯ ಅತಿಥಿ. "ಗೆಲುವು ಮುಖ್ಯವಲ್ಲ ಮಕ್ಕಳೇ, ಹೇಗೆ ಆಡಿದಿರಿ ಅನ್ನೋದು ಮುಖ್ಯ" ಎಂದು ಕಣ್ಣು ತುಂಬಿಕೊಂಡು ಹೇಳುತ್ತಿದ್ದರು. ಅದೇ ಸಂಜೆ ಪಂದ್ಯವಿದ್ದರೆ, ಡ್ರೆಸ್ಸಿಂಗ್ ರೂಮಿನಲ್ಲಿ ನಮ್ಮ ಫುಲ್‌ಬ್ಯಾಕ್ ಆಟಗಾರನ ಹೆಗಲ ಮೇಲೆ ಕೈಯಿಟ್ಟು, "ಆ ಹುಡುಗ ಭಾಳ ಓಡ್ತಾನೆ ಕಣಯ್ಯ. ಸ್ವಲ್ಪ ನೋಡ್ಕೋ" ಎನ್ನುತ್ತಿದ್ದರು. ದನಿ ಮಾತ್ರ ಎರಡು ಕಡೆಯೂ ಅದೇ, ಅಷ್ಟೇ ಮೃದು.

ಈ ಫುಲ್‌ಬ್ಯಾಕ್ ಶ್ರೀರಾಂಪುರದವನು. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವುದು ಅವನ ಕೆಲಸ. ಮನೆಯಲ್ಲಿ ಮಗಳ ಜಡೆ ತಾನೇ ಹೆಣೆದು ಶಾಲೆಗೆ ಕಳಿಸುವಷ್ಟು ಮೆತ್ತಗಿನ ಮನುಷ್ಯ. ಮೈದಾನದಲ್ಲಿ ಅಂಪೈರ್ ಮುಖ ಆಚೆ ತಿರುಗಿತೋ, ಅವನ ಸ್ಟಿಕ್ಕು ಚೆಂಡಿನಿಂದ ಒಂದು ಗೇಣು ಮೇಲೆ ಬೀಸುತ್ತಿತ್ತು. ನೋಡುವವರಿಗೆ ಏಟು ತಪ್ಪಿತು ಅನ್ನಿಸಬೇಕು. ತಿಂದವನಿಗೆ ಮಾತ್ರ ಗೊತ್ತಾಗಬೇಕು. ಪಂದ್ಯ ಮುಗಿದ ಮೇಲೆ ಮ್ಯಾನೇಜರು ಕುಂಟುತ್ತಿದ್ದ ಎದುರಾಳಿಯ ಬೆನ್ನು ತಟ್ಟಿ, "ಐಸ್ ಇಟ್ಕೊಳ್ಳಪ್ಪ, ಊತ ಇಳಿಯುತ್ತೆ" ಎನ್ನುತ್ತಿದ್ದರು. ಇಂಥ ಆಟಗಾರ, ಇಂಥ ಮ್ಯಾನೇಜರು ಎಲ್ಲ ತಂಡಗಳಲ್ಲೂ ಇದ್ದರು. ಗ್ಯಾಲರಿಯಲ್ಲಿ ಕೂತು "ಮುರೀರೋ ಅವನ ಕಾಲು" ಎಂದು ಕೂಗುತ್ತಿದ್ದ ಮಹನೀಯರೇ ಮರುದಿನ ಹೋಟೆಲಿನಲ್ಲಿ ಕಾಫಿ ಹೀರುತ್ತಾ, ಈಗಿನ ಆಟಗಾರರಿಗೆ ಸಂಸ್ಕಾರವೇ ಇಲ್ಲ ಎಂದು ಮರುಗುತ್ತಿದ್ದರು.

ಒಂದು ಫೈನಲ್ಲಿನಲ್ಲಿ ಎದುರು ತಂಡದ ಸೆಂಟರ್ ಫಾರ್ವರ್ಡ್, ಮಾವಳ್ಳಿಯ ಹುಡುಗ, ನಮ್ಮ ಮೇಲೆ ಬೇಗನೆ ಗೋಲು ಹೊಡೆದ. ವಿರಾಮದಲ್ಲಿ ಮ್ಯಾನೇಜರು ಕಿತ್ತಳೆ ಸುಲಿಯುತ್ತಾ ನಮ್ಮ ಫುಲ್‌ಬ್ಯಾಕ್ ಕಡೆ ನೋಡಿದರು. "ಇನ್ನೂ ನೋಡ್ಕೊಂಡಿಲ್ವಲ್ಲಯ್ಯ ನೀನು?"

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನು ನೋಡಿಕೊಂಡ. ಹುಡುಗನ ಮಣಿಕಟ್ಟು ಮುರಿದ ಸದ್ದು ಆ ತುದಿಯಲ್ಲಿದ್ದ ನನಗೂ ಕೇಳಿಸಿತು. ಈ ಸಲ ಅಂಪೈರ್ ನೋಡುತ್ತಿದ್ದರು. ಪತ್ರಿಕೆಯ ಫೋಟೋಗ್ರಾಫರ್ ಕೂಡ.

ಚಿತ್ರ ಅಚ್ಚಾದ ಬೆಳಿಗ್ಗೆಯೇ ಮ್ಯಾನೇಜರು ತಂಡದವರನ್ನೆಲ್ಲ ಕರೆಸಿದರು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, "ಇದು ಆಟವಲ್ಲ, ಗೂಂಡಾಗಿರಿ. ನನಗೆ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ" ಎಂದರು. ಫುಲ್‌ಬ್ಯಾಕ್ ತಲೆ ಬಗ್ಗಿಸಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

"ಸರ್, ನೋಡ್ಕೋ ಅಂತ ನೀವೇ ಹೇಳಿದ್ರಲ್ಲ?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೌದಪ್ಪ, ಹೇಳ್ದೆ. ನೋಡ್ಕೋ ಅಂದ್ರೆ ಗಮನ ಇಡು ಅಂತ. ಕನ್ನಡ ಬರಲ್ವೇನು ನಿಮಗೆ?"

ಫುಲ್‌ಬ್ಯಾಕನ್ನು ತಂಡದಿಂದ ತೆಗೆದರು. ಕ್ರೀಡಾ ಸಂಸ್ಥೆಯೂ ನಿಷೇಧ ಹೇರಿತು. ಕೆಲಸ ಮಾತ್ರ ಉಳಿಯಿತು. ಹತ್ತರಿಂದ ಐದರವರೆಗೆ ಕಚೇರಿಯ ಕುರ್ಚಿಯಲ್ಲೇ ಕೂರುವುದು.

ಆ ಭಾನುವಾರ ಅವನು ನಮ್ಮ ಮನೆ ಬಾಗಿಲಿಗೆ ಬಂದ. "ಗುರು, ಆ ಹುಡುಗನ್ನ ನೋಡ್ಬೇಕು. ಒಬ್ನೇ ಹೋಗೋಕೆ ಧೈರ್ಯ ಇಲ್ಲ, ಬರ್ತೀಯಾ?" ಎಂದ. ಇಬ್ಬರೂ ಮಾವಳ್ಳಿಗೆ ಹೋದೆವು. ನಮ್ಮನ್ನು ಕಂಡು ಹುಡುಗನ ತಾಯಿ ಬಾಗಿಲಲ್ಲೇ ಅಡ್ಡ ನಿಂತರು. ಒಳಗಿನಿಂದ ಅವನು, "ಬರ್ಲಿ ಬಿಡಮ್ಮ" ಎಂದ.

ಕೈಗೆ ಮೊಣಕೈವರೆಗೂ ಪ್ಲಾಸ್ಟರ್. ಪಕ್ಕದಲ್ಲಿ ಒಂದು ಬುಟ್ಟಿ ಸೇಬು. ಫುಲ್‌ಬ್ಯಾಕ್ ನೆಲ ನೋಡುತ್ತಾ, "ತಪ್ಪಾಯ್ತು. ಬೇಕಂತಾನೇ ಹೊಡ್ದೆ" ಎಂದ.

"ಗೊತ್ತು ಅಣ್ಣ," ಎಂದ ಹುಡುಗ. "ನಿಮ್ ಸರ್ ನಿನ್ನೇನೇ ಬಂದಿದ್ರು. ಈ ಸೇಬು ಅವರದ್ದೇ. ಪ್ಲಾಸ್ಟರ್ ಬಿಚ್ಚಿದ್ಮೇಲೆ ನಮ್ ಟೀಮಿಗೆ ಬಂದ್ಬಿಡು, ಕೆಲ್ಸ ಕೊಡಿಸ್ತೀನಿ ಅಂದ್ರು. ನಿಮ್ಮಂಥ ರೌಡಿನ ತೆಗೆದು ಹಾಕಿದಾರಂತೆ, ಇನ್ನು ಭಯ ಇಲ್ವಂತೆ."

ನಾನು ಬುಟ್ಟಿಯನ್ನೇ ನೋಡುತ್ತಾ ಕೂತೆ. ಹುಡುಗ ಫುಲ್‌ಬ್ಯಾಕನ್ನು ಕೇಳಿದ: "ಅವರು ಹೇಳ್ಕೊಟ್ಟಿದ್ದಾ?"

"ಹೇಳ್ಕೊಟ್ರು. ಆದ್ರೆ ಹೊಡ್ದಿದ್ದು ನಾನು."

ಹುಡುಗ ತಾಯಿಯನ್ನು ಕರೆದು ಕಾಫಿ ತರಲು ಹೇಳಿದ. ನಮ್ಮ ತಂಡಕ್ಕೆ ಅವನು ಬರಲಿಲ್ಲ. ಮಣಿಕಟ್ಟು ಕೂಡಿದ ಮೇಲೆ ಹಳೆಯ ತಂಡದಲ್ಲೇ ಆಡಿದ, ಮೊದಲಿನ ಹೊಡೆತ ಮಾತ್ರ ಬರಲಿಲ್ಲ. ಮುಂದಿನ ಸೀಸನ್ನಿಗೆ ಮ್ಯಾನೇಜರು ಬೇರೊಬ್ಬ ಫುಲ್‌ಬ್ಯಾಕನ್ನು ಕರೆತಂದರು. ಹಿಂದೊಮ್ಮೆ ಎದುರು ತಂಡದಲ್ಲಿದ್ದು ನನ್ನ ಎರಡು ಹಲ್ಲು ಉದುರಿಸಿದ್ದ ಆಸಾಮಿ. ಅವನ ಹೆಗಲ ಮೇಲೆ ಮ್ಯಾನೇಜರು ಕೈ ಇಡುವುದನ್ನು ಕಂಡ ಸಂಜೆಯೇ ನಾನು ತಂಡ ಬಿಟ್ಟು ಕಚೇರಿಯ ಕುರ್ಚಿಗೆ ಮರಳಿದೆ. ಮ್ಯಾನೇಜರು ಕ್ರೀಡಾ ಸಂಸ್ಥೆಯ ಶಿಸ್ತು ಸಮಿತಿಗೆ ಅಧ್ಯಕ್ಷರಾದರು.

ಎಷ್ಟೋ ವರ್ಷಗಳ ಮೇಲೆ, ಅವರು ನಿವೃತ್ತರಾಗಿದ್ದಾಗ, ಮಲ್ಲೇಶ್ವರದ ಹೋಟೆಲೊಂದರ ಮುಂದೆ ನನಗೂ ನಮ್ಮ ಹಳೆಯ ಫುಲ್‌ಬ್ಯಾಕ್‌ಗೂ ಎದುರಾದರು. ಅದೇ ಬಿಳಿ ಅಂಗಿ. "ಏನಯ್ಯ, ಆಟ ಬಿಟ್ಟೇಬಿಟ್ಯಲ್ಲ! ನಿನ್ನಂಥ ಡಿಫೆಂಡರ್ ಈಗೆಲ್ಲಿ ಸಿಗ್ತಾರೆ?" ಎಂದು ಪ್ರೀತಿಯಿಂದ ಅವನ ತೋಳು ಹಿಡಿದರು.

"ನಾನು ಬಿಡ್ಲಿಲ್ಲ ಸರ್. ನೀವು ಬಿಡ್ಸಿದ್ರಿ."

ಅವರು ಒಳ್ಳೆಯ ಜೋಕು ಕೇಳಿದವರಂತೆ ನಕ್ಕರು. ಆಮೇಲೆ ತಮ್ಮ ಮಂಡಿ ನೋವಿನ ವಿಷಯ ತೆಗೆದು, ನಡೆಯುವುದೇ ಕಷ್ಟವಾಗಿದೆ, ಯಾರಾದರೂ ಒಳ್ಳೆಯ ಡಾಕ್ಟರು ಗೊತ್ತಾ ಎಂದು ನಮ್ಮನ್ನೇ ಕೇಳಿದರು.